ಸನವ್ಬರ್ ಖೋಲಾಳ ಸಿಹಿಗುಂಬಳ

ಸನವ್ಬರ್ ಖೋಲಾ ನಮ್ಮ ವಸತಿಶಾಲೆಯ ಅಡುಗೆಮನೆಗೆ ಸೇರಿದಾಗ ಆಕೆಗೆ ಇಪ್ಪತ್ತೆರಡು ವರ್ಷ. ಕೆಲಸ ಬಿಟ್ಟಾಗ ಅರವತ್ತು ದಾಟಿತ್ತು. ಈ ನಡುವೆ ನಾಲ್ವರು ಮುಖ್ಯೋಪಾಧ್ಯಾಯರು ಬದಲಾದರು, ದೇಶದ ಹೆಸರು ಬದಲಾಯಿತು, ಭೂಪಟಗಳನ್ನು ಗೋಡೆಯಿಂದ ಇಳಿಸಿ ಬೇರೆ ತೂಗುಹಾಕಿದೆವು. ಆಕೆಯ ಕಡಾಯಿ ಮಾತ್ರ ಅದೇ ಒಲೆಯ ಮೇಲೆ ಕೂತಿತ್ತು. ಖೋಲಾ ಎಂದರೆ ತಾಯಿಯ ತಂಗಿ. ಮಕ್ಕಳು ಹಾಗೆ ಕರೆಯುತ್ತಿದ್ದರು. ಅವರನ್ನು ಕೇಳಿ ಕೇಳಿ ಉಪಾಧ್ಯಾಯರಾದ ನಮಗೂ ಅದೇ ರೂಢಿಯಾಯಿತು. ನನಗಿಂತ ನಾಲ್ಕು ವರ್ಷ ಚಿಕ್ಕವಳಾದರೂ ನನಗೂ ಆಕೆ ಖೋಲಾಳೇ.

ನಮ್ಮ ಜರಫ್ಶಾನ್ ಕಣಿವೆಯಲ್ಲಿ ತಿನ್ನುವ ವಸ್ತುಗಳೆಲ್ಲ ಎರಡು ಪಂಗಡ. ಒಂದು ಉಷ್ಣ, ಇನ್ನೊಂದು ತಂಪು. ಅಕ್ರೋಟು, ಜೇನು, ಜೀರಿಗೆ, ಕಲ್ಲುಸಕ್ಕರೆ, ಕಪ್ಪು ಚಹಾ ಇವು ಉಷ್ಣ. ಸಿಹಿಗುಂಬಳ, ಜರ್ದಾಲು ಎಂಬ ಹಳದಿ ಹಣ್ಣು, ಮೊಸರು, ಸೌತೆ ಇವು ತಂಪು. ಮನುಷ್ಯರೂ ಹಾಗೆಯೇ. ಹೊಸ ಮಗು ಶಾಲೆಗೆ ಬಂದ ದಿನ ನಾವು ಅದರ ಹೆಸರು, ಊರು ಬರೆದುಕೊಳ್ಳುತ್ತಿದ್ದೆವು. ಸನವ್ಬರ್ ಖೋಲಾ ಅದರ ನಾಲಿಗೆ ನೋಡುತ್ತಿದ್ದಳು, ಮಣಿಕಟ್ಟು ಹಿಡಿಯುತ್ತಿದ್ದಳು, "ಮೊಸರು ತಿಂದ್ರೆ ಹೊಟ್ಟೆ ಹಿಡ್ಕೊಳ್ಳುತ್ತಾ? ಅಕ್ರೋಟು ತಿಂದ್ರೆ ಬಾಯಿ ಹುಣ್ಣಾಗುತ್ತಾ?" ಎಂದು ತಾಯಿಯನ್ನು ಕೇಳುತ್ತಿದ್ದಳು. ಆಮೇಲೆ ತೀರ್ಪು: "ಇದು ಉಷ್ಣದ ಮಗು," ಅಥವಾ "ಇದು ತಂಪಿನದು." ನಲವತ್ತು ಮಕ್ಕಳ ಮೈಗುಣ ಆಕೆಗೆ ಬಾಯಿಪಾಠವಾಗಿತ್ತು. ಬಡಿಸುವಾಗ ಒಬ್ಬನ ತಟ್ಟೆಗೆ ಜೀರಿಗೆ ಹೆಚ್ಚು ಬೀಳುತ್ತಿತ್ತು, ಇನ್ನೊಬ್ಬಳ ಬಟ್ಟಲಿಗೆ ಮೊಸರು ಹೆಚ್ಚು ಬೀಳುತ್ತಿತ್ತು.

ನನ್ನನ್ನೂ ಬಿಟ್ಟಿರಲಿಲ್ಲ.

"ಮುಅಲ್ಲಿಂ, ನಿಮ್ಮದು ತಂಪಿನ ಮೈ. ಅದಕ್ಕೇ ನೀವು ವ್ಯಾಕರಣ ಹೇಳ್ತಾ ಇದ್ರೆ ಮಕ್ಕಳಿಗೆ ನಿದ್ದೆ ಬರೋದು. ಬೆಳಗ್ಗೆ ನಾಲ್ಕು ಅಕ್ರೋಟು ತಿಂದು ತರಗತಿಗೆ ಹೋಗಿ."

ಮುಅಲ್ಲಿಂ ಎಂದರೆ ಮೇಷ್ಟ್ರು. ಆಕೆಯ ಈ ಮಾತಿಗೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಾನು ಅಕ್ರೋಟು ತಿನ್ನುತ್ತಿದ್ದೆ.

ಈ ವಿದ್ಯೆಯನ್ನು ಆಕೆಗೆ ಕಲಿಸಿದವರು ಮೇಲಿನ ಹಳ್ಳಿಯ ಮೊಮೊ ಶರೋಫತ್. ಮೊಮೊ ಎಂದರೆ ಅಜ್ಜಿ. ಸನವ್ಬರ್ ಹೊಸ ಸೊಸೆಯಾಗಿ ಮೇಲಿನ ಹಳ್ಳಿಗೆ ಬಂದಾಗ ಅವರ ಪಕ್ಕದ ಮನೆಯಲ್ಲಿದ್ದಳು. ಬಾಣಂತಿಗೆ ಏನು ಕೊಡಬೇಕು, ಕೆಮ್ಮಿಗೆ ಏನು ಬಿಡಬೇಕು ಎಂಬುದನ್ನೆಲ್ಲ ಅವರ ಒಲೆಯ ಮುಂದೆ ಕೂತು ಕಲಿತವಳು. ಕಣಿವೆಯಲ್ಲಿ ಮೊಮೊ ಶರೋಫತ್ ಒಮ್ಮೆ ಬೇಡ ಎಂದರೆ ಗಂಡಸರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತಮೂರರ ಚಳಿಗಾಲದಲ್ಲಿ ಬೆಟ್ಟಗಳ ಆಚೆ ಯುದ್ಧವಿತ್ತು. ಅಂಜೋಬ್ ಘಾಟಿ ನವೆಂಬರಿನಲ್ಲೇ ಹಿಮಕ್ಕೆ ಮುಚ್ಚಿಹೋಗಿತ್ತು. ಅದು ತೆರೆಯುವುದು ಮೇ ತಿಂಗಳಿಗೆ. ವಿದ್ಯುತ್ತು ವಾರಕ್ಕೊಮ್ಮೆ ಬಂದರೆ ಹಬ್ಬ. ಎರಡು ವರ್ಷಗಳಿಂದ ಲಸಿಕೆ ಹಾಕುವವರು ನಮ್ಮ ಕಡೆ ತಲೆ ಹಾಕಿರಲಿಲ್ಲ. ಫೆಬ್ರುವರಿಯ ಮೊದಲ ವಾರ ಶಾಲೆಗೆ ದಡಾರ ಬಂತು.

ಹತ್ತು ದಿನಗಳಲ್ಲಿ ಹನ್ನೊಂದು ಮಕ್ಕಳು ಮಲಗಿದರು. ಮೂರನೆಯ ತರಗತಿಯ ಬೆಂಚುಗಳನ್ನು ಹೊರಗೆ ಹಾಕಿ ನೆಲದ ತುಂಬ ಕೌದಿ ಹಾಸಿದೆವು. ಕಿಟಕಿಗೆ ಕೆಂಪು ಬಟ್ಟೆ ಕಟ್ಟಿದೆವು. ದಡಾರದವರಿಗೆ ನಮ್ಮಲ್ಲಿ ಕಟ್ಟುನಿಟ್ಟಾದ ಪಥ್ಯವಿದೆ. ದದ್ದುಗಳೆಲ್ಲ ಮೈಮೇಲೆ ಹೊರಬರಬೇಕು. ತಂಪು ತಿಂದರೆ ದದ್ದು ಒಳಕ್ಕೆ ತಿರುಗುತ್ತದೆ, ಎದೆಗೆ ಇಳಿಯುತ್ತದೆ, ಮಗು ಉಳಿಯುವುದಿಲ್ಲ. ಹಾಗೆಂದು ನನ್ನ ತಾಯಿ ಹೇಳುತ್ತಿದ್ದಳು, ಅವಳ ತಾಯಿಯೂ ಹೇಳುತ್ತಿದ್ದಳು. ಸನವ್ಬರ್ ಖೋಲಾ ಉಗ್ರಾಣದಲ್ಲಿದ್ದ ಸಿಹಿಗುಂಬಳಗಳಿಗೂ ಎರಡು ಮೂಟೆ ಒಣ ಜರ್ದಾಲುವಿಗೂ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಲಗಿದ ಮಕ್ಕಳಿಗೆ ಕಪ್ಪು ಚಹಾ, ಕಲ್ಲುಸಕ್ಕರೆ, ಚಹಾದಲ್ಲಿ ನೆನೆಸಿದ ರೊಟ್ಟಿ. ಬೇರೆ ಏನೂ ಇಲ್ಲ.

ರುಹಫ್ಜೋ ಎಂಬ ಆರು ವರ್ಷದ ಹುಡುಗಿ ಎಲ್ಲರಿಗಿಂತ ಮೊದಲು ಮಲಗಿದ್ದಳು. ದದ್ದು ಒಣಗಿ, ಜ್ವರ ಇಳಿದು, ಎದ್ದು ಕೂತಿದ್ದಳು. ಒಂದು ಸಂಜೆ ಸನವ್ಬರ್ ಖೋಲಾ ಅವಳ ಮುಂದೆ ಚಹಾದ ಬಟ್ಟಲು ಇಟ್ಟಳು. ಹುಡುಗಿ ರೊಟ್ಟಿಗೆ ಕೈ ಚಾಚಿ ಬಿಸಿ ಚಹಾದೊಳಗೆ ಬೆರಳದ್ದಿದಳು.

"ಕಣ್ಣು ಎಲ್ಲಿಟ್ಟಿದ್ದೀಯೇ, ಜೇಬಲ್ಲಾ?" ಎಂದು ಖೋಲಾ ನಕ್ಕಳು.

"ದೀಪ ಹಚ್ಚಿ ಖೋಲಾ. ಕತ್ತಲಾಗಿದೆ," ಎಂದಳು ಹುಡುಗಿ.

ಕತ್ತಲಾಗಿರಲಿಲ್ಲ. ಕೆಂಪು ಬಟ್ಟೆಯ ಅಂಚಿನಿಂದ ಬೆಳಕು ಬರುತ್ತಿತ್ತು. ನಾನು ಅದೇ ಬೆಳಕಿನಲ್ಲಿ ಹಾಜರಿ ಪುಸ್ತಕ ಓದುತ್ತಿದ್ದೆ. ಖೋಲಾಳ ನಗು ಅಲ್ಲಿಗೇ ನಿಂತಿತು.

ಮಾರನೆಯ ಬೆಳಗ್ಗೆ ಐನಿದ್ದೀನ್ ಬಂದ. ಅವನು ಓದಿದ ವೈದ್ಯನಲ್ಲ, ಆರೋಗ್ಯ ಸಹಾಯಕ. ಏಳು ಹಳ್ಳಿಗಳಿಗೆ ಅವನೊಬ್ಬನೇ ದಿಕ್ಕಾದ್ದರಿಂದ ಎಲ್ಲರೂ ದಾಕ್ಟ್ರೇ ಎನ್ನುತ್ತಿದ್ದರು. ಟಾರ್ಚು ಹಾಕಿ ರುಹಫ್ಜೋಳ ಕಣ್ಣುಗಳನ್ನು ನೋಡಿದ. ಎರಡೂ ಒಣಗಿ ಹೊಳಪು ಕಳೆದುಕೊಂಡಿದ್ದವು. ಎಡಗಣ್ಣಿನ ಕಪ್ಪುಭಾಗದ ಮೇಲೆ ಅಕ್ಕಿಯ ನುಚ್ಚಿನಷ್ಟು ಬಿಳಿ ಮಚ್ಚೆ ಮೂಡಿತ್ತು.

"ಎಷ್ಟು ದಿನದಿಂದ ಚಹಾ ರೊಟ್ಟಿ?"

"ಹತ್ತು."

"ಕುಂಬಳಕಾಯಿ, ಜರ್ದಾಲು ಏನೂ ಕೊಟ್ಟಿಲ್ವಾ?"

"ದಡಾರದವರಿಗೆ ತಂಪು ಯಾರಾದ್ರೂ ಕೊಡ್ತಾರಾ, ದಾಕ್ಟ್ರೇ?"

ಐನಿದ್ದೀನ್ ಅಡುಗೆಮನೆಗೆ ಹೋಗಿ ಸೌದೆಯ ದಿಮ್ಮಿಯ ಮೇಲೆ ಕೂತ. ನಾವಿಬ್ಬರೂ ಅವನ ಹಿಂದೆ ಹೋದೆವು.

"ಖೋಲಾ, ಅಕ್ಟೋಬರಲ್ಲಿ ಉಗ್ರಾಣ ತುಂಬಿಸ್ತೀರಿ, ಅದನ್ನೇ ಏಪ್ರಿಲ್‌ವರೆಗೆ ತಿಂತೀರಿ. ಮೈಯೊಳಗೂ ಅಂಥದ್ದೊಂದು ಉಗ್ರಾಣ ಇದೆ. ಕಣ್ಣಿಗೆ ಬೇಕಾದ್ದು, ಎದೆಯ ಒಳಪದರಕ್ಕೆ ಬೇಕಾದ್ದು, ರೋಗದ ಜೊತೆ ಗುದ್ದಾಡೋಕೆ ಬೇಕಾದ ಜೀವಸತ್ವ ಎಲ್ಲಾ ಅಲ್ಲಿರುತ್ತೆ. ಈ ಮಕ್ಕಳದ್ದು ಮೊದಲೇ ಅರ್ಧ ಖಾಲಿ, ಈ ವರ್ಷ ಯಾರು ಹೊಟ್ಟೆ ತುಂಬ ತಿಂದಿದ್ದಾರೆ? ಉಳಿದರ್ಧವನ್ನ ದಡಾರ ಹತ್ತು ದಿನದಲ್ಲಿ ಬಾಚಿಕೊಂಡು ಹೋಯ್ತು. ನಾವು ಹೊರಗಿಂದ ಒಂದು ಹಿಡಿ ತುಂಬಲಿಲ್ಲ."

"ಅದಕ್ಕೆ ಗುಳಿಗೆ ಇಲ್ವಾ?"

"ಇದೆ. ಘಾಟಿಯ ಆಚೆ ಇದೆ. ಈಚೆ ಇರೋದು ನಿಮ್ಮ ಹಳದಿ ಕುಂಬಳಕಾಯಿ ಮತ್ತೆ ಜರ್ದಾಲು."

"ಅದು ತಿಂದ್ರೆ ದಡಾರ ಹೋಗುತ್ತಾ?"

"ಇಲ್ಲ. ಸುಳ್ಳು ಹೇಳಲ್ಲ. ದಡಾರ ತನ್ನ ದಿನ ಮುಗಿಸಿಕೊಂಡೇ ಹೋಗೋದು. ಹೋಗುವಾಗ ಕಣ್ಣು ಕಿತ್ಕೊಂಡು ಹೋಗದ ಹಾಗೆ ಮಾಡಬಹುದು, ಅಷ್ಟೇ. ಮೈಗೆ ಒಂದಿಷ್ಟು ಬಲ ಬಂದ್ರೆ ಉಸಿರೂ ಉಳೀಬಹುದು. ಬರೀ ಬೇಯಿಸಿ ಕೊಡಬೇಡಿ. ಎಣ್ಣೆಯಂಶ ಸೇರಿದ್ರೇ ಅದು ಮೈಗೆ ಹತ್ತೋದು."

ಸನವ್ಬರ್ ಖೋಲಾ ಸೊಂಟದಿಂದ ಬೀಗದ ಕೈ ಬಿಚ್ಚಿ ಅಂಗೈಯಲ್ಲಿ ಹಿಡಿದು ನೋಡಿದಳು. ಆಮೇಲೆ, "ಹಾಗಾದ್ರೆ ಆ ಹುಡುಗಿ ಕಣ್ಣು ತೆಗೆದೋಳು ನಾನು," ಎಂದಳು.

"ಇಡೀ ಕಣಿವೆ ಹಾಗೇ ಮಾಡೋದು, ಖೋಲಾ."

"ಕಣಿವೆ ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ನನ್ನ ಸೊಂಟದಲ್ಲಿತ್ತು."

ಅಂದು ಮಧ್ಯಾಹ್ನ ಆಕೆ ಒಂದು ಕುಂಬಳಕಾಯಿಯನ್ನು ಕೊಡಲಿಯಿಂದ ಸೀಳಿದಳು. ನಮ್ಮ ಚಳಿಗಾಲದ ಕಾಯಿಯ ಸಿಪ್ಪೆ ಚಾಕುವಿಗೆ ಬಗ್ಗುವುದಿಲ್ಲ. ಕೊಡಲಿ ಎತ್ತಿದವಳು ಹಾಗೆಯೇ ನಿಂತಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ಕಲಿತದ್ದನ್ನು ಬಿಡುವುದು ಆಕೆಗೆ ಸುಲಭವಾಗಿರಲಿಲ್ಲ. ಆದರೆ ಕಲಿತದ್ದರೊಳಗೇ ಒಂದು ದಾರಿಯೂ ಇತ್ತು. ತಂಪಿನ ಪದಾರ್ಥವನ್ನು ಉಷ್ಣದ ಪದಾರ್ಥ ಸೇರಿಸಿ ಒಡೆಯಬೇಕು ಎನ್ನುವುದು ನಮ್ಮ ಅಡುಗೆಯ ಹಳೆಯ ನಿಯಮ. ಆಕೆ ಹೋಳುಗಳನ್ನು ಹಬೆಯಲ್ಲಿ ಬೇಯಿಸಿ ಕಿವುಚಿದಳು. ಅಕ್ರೋಟು ತಿರುಳನ್ನು ಕಲ್ಲಿನಲ್ಲಿ ಎಣ್ಣೆ ಬಿಡುವವರೆಗೆ ಕುಟ್ಟಿ ಬೆರೆಸಿದಳು. ಮೇಲೊಂದು ಚಿಟಿಕೆ ಹುರಿದ ಜೀರಿಗೆ. ದಾಕ್ಟ್ರು ಕೇಳಿದ ಎಣ್ಣೆಯಂಶ ಅಕ್ರೋಟಿನಲ್ಲಿ ಸಿಕ್ಕಿತು, ಮೊಮೊ ಶರೋಫತ್ ಕಲಿಸಿದ ಉಷ್ಣವೂ ಅದರಲ್ಲೇ ಸಿಕ್ಕಿತು. ಅಂದಿನಿಂದ ಹನ್ನೊಂದು ಮಕ್ಕಳಿಗೂ ದಿನಕ್ಕೆ ಎರಡು ಹೊತ್ತು ಅದೇ ಊಟ, ಜೊತೆಗೆ ನೆನೆಸಿದ ಜರ್ದಾಲು.

ಎರಡು ದಿನ ಕಳೆಯಿತು. ಮೂರನೆಯ ದಿನ ಹನ್ನೆರಡನೆಯ ಮಗು ಮಲಗಿತು. ಅವಳು ಅಂಜುರತ್, ಎಂಟು ವರ್ಷದವಳು, ಮೊಮೊ ಶರೋಫತ್‌ರ ಒಬ್ಬಳೇ ಮೊಮ್ಮಗಳು.

ಸುದ್ದಿ ಮೇಲಿನ ಹಳ್ಳಿಗೆ ಹೇಗೆ ಹೋಯಿತೋ, ಮಾರನೆಯ ದಿನವೇ ಎಪ್ಪತ್ತನಾಲ್ಕು ವರ್ಷದ ಮೊಮೊ ಮೊಣಕಾಲುದ್ದ ಹಿಮದಲ್ಲಿ ಕೋಲೂರಿಕೊಂಡು ನಾಲ್ಕು ಗಂಟೆ ನಡೆದು ಬಂದರು. ಮೊಮ್ಮಗಳ ಹಣೆ ಮುಟ್ಟಿದರು, ಕಿವಿಯ ಹಿಂದೆ ಮೂಡಿದ್ದ ದದ್ದು ನೋಡಿದರು. ಆಮೇಲೆ ಮೂಗು ಎತ್ತಿದರು.

"ಕುಂಬಳಕಾಯಿ ವಾಸನೆ. ಯಾರಿಗೆ ಬೇಯಿಸಿದ್ದೀಯೇ ಸನವ್ಬರ್?"

"ಮಕ್ಕಳಿಗೆ, ಮೊಮೊ."

"ಓಡಾಡೋ ಮಕ್ಕಳಿಗೆ ತಾನೇ?"

"ಅಲ್ಲ. ಮಲಗಿರೋ ಮಕ್ಕಳಿಗೆ."

ಮೊಮೊ ನಿಧಾನವಾಗಿ ಎದ್ದು ನಿಂತರು. "ಇಪ್ಪತ್ತೈದು ವರ್ಷದ ಹಿಂದೆ ನಾನು ಕಲಿಸಿದ್ದನ್ನ ಆ ಸೂಜಿ ಚುಚ್ಚೋನು ಒಂದು ಬೆಳಗ್ಗೇಲಿ ತೊಳೆದು ಹಾಕಿದ್ನಾ?"

"ತೊಳೆದಿಲ್ಲ ಮೊಮೊ. ತಂಪನ್ನ ಉಷ್ಣದಿಂದ ಒಡಿ ಅಂದೋರು ಯಾರು? ಒಂದು ಬಟ್ಟಲಿಗೆ ಆರು ಅಕ್ರೋಟು ಹಾಕಿದ್ದೀನಿ. ಜೀರಿಗೆ ಹಾಕಿದ್ದೀನಿ."

"ಅದು ಗಟ್ಟಿಯಾಗಿರೋರಿಗೆ. ದಡಾರಕ್ಕಲ್ಲ."

"ದಡಾರಕ್ಕೆ ನೀವು ಹೇಳಿದ್ದನ್ನೇ ಮೊದಲು ಮಾಡಿದೆ. ಬನ್ನಿ, ನೋಡಿ."

ಮುದುಕಿಯ ಕೈ ಹಿಡಿದು ರುಹಫ್ಜೋಳ ಹಾಸಿಗೆಯ ಹತ್ತಿರ ಕರೆದುಕೊಂಡು ಹೋಗಿ, ಹುಡುಗಿಯ ಗಲ್ಲ ಎತ್ತಿ ಎಡಗಣ್ಣು ತೋರಿಸಿದಳು. ಮೊಮೊ ಬಾಗಿ ನೋಡಿದರು.

"ಹಣೆಬರಹ," ಎಂದರು.

"ಹಣೆಬರಹ ಓದೋಕೆ ನಂಗೆ ಬರಲ್ಲ. ಉಗ್ರಾಣಕ್ಕೆ ಬೀಗ ಹಾಕಿದೋಳು ನಾನು, ಅಷ್ಟು ಗೊತ್ತು."

ಗಲಾಟೆ ಕೇಳಿ ಮುಖ್ಯೋಪಾಧ್ಯಾಯ ನೆಮತ್ ಅಕಾ, ಅಂದರೆ ನೆಮತಣ್ಣ, ಬಂದರು. ಒಳ್ಳೆಯ ಮನುಷ್ಯ, ಜಗಳವೆಂದರೆ ಮೈ ಬೆವರುವ ಸ್ವಭಾವ. "ಖೋಲಾ, ಎರಡು ದಿನ ಚಹಾನೇ ಕೊಡೋಣ. ಅಷ್ಟರಲ್ಲಿ ಹೆಲಿಕಾಪ್ಟರ್ ಬಂದ್ರೂ ಬರಬಹುದು."

"ಹೆಲಿಕಾಪ್ಟರ್ ಡಿಸೆಂಬರಿಂದ ಬರ್ತಾನೇ ಇದೆ, ನೆಮತ್ ಅಕಾ. ದಾರಿ ತಪ್ಪಿರಬೇಕು, ಹೋಗಿ ಕೈ ಬೀಸಿ."

ಯಾರೋ ಕಿಸಕ್ಕೆಂದರು. ಮೊಮೊ ನಗಲಿಲ್ಲ. "ನನ್ನ ಮೊಮ್ಮಗಳಿಗೆ ನಿನ್ನ ಅಡುಗೆ ಬೇಡ," ಎಂದರು.

ಆಗ ಸನವ್ಬರ್ ಖೋಲಾ ಹೊರಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಇಡೀ ರೊಟ್ಟಿ ಇತ್ತು. ಅದನ್ನು ಬಟ್ಟೆಯ ಮೇಲಿಟ್ಟು ಅದರ ಮೇಲೆ ಬಲಗೈ ಇಟ್ಟಳು. ನಮ್ಮಲ್ಲಿ ರೊಟ್ಟಿಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೋಣೆಯಲ್ಲಿದ್ದವರೆಲ್ಲ ಎದ್ದು ನಿಂತೆವು.

"ನನ್ನ ಅಡುಗೆಯಿಂದ ಈ ಮಗುವಿಗೆ ಏನಾದ್ರೂ ಆದ್ರೆ, ಊರ ಮುಂದೆ ನನ್ನ ಹೆಸರು ಹೇಳಿ. ಈ ಅಡುಗೆಮನೆ ಬಿಡ್ತೀನಿ, ಈ ಕಣಿವೇನೇ ಬಿಡ್ತೀನಿ. ಅವಳ ರಕ್ತ ನನ್ನ ತಲೆ ಮೇಲೆ."

ಗಂಡ ಸತ್ತು ಏಳು ವರ್ಷವಾಗಿದ್ದ, ಮಕ್ಕಳಿಲ್ಲದ ಹೆಂಗಸು. ಆ ಅಡುಗೆಮನೆ ಬಿಟ್ಟರೆ ಹೋಗಲು ಆಕೆಗೆ ಇನ್ನೊಂದು ಬಾಗಿಲಿರಲಿಲ್ಲ. ಅರ್ಧ ನನ್ನ ತಲೆಯ ಮೇಲಿರಲಿ ಎನ್ನಬೇಕೆಂದು ನನ್ನ ಬಾಯಿಯವರೆಗೆ ಬಂತು. ಅನ್ನಲಿಲ್ಲ.

ಮೊಮೊ ಆ ರೊಟ್ಟಿಯನ್ನೇ ನೋಡುತ್ತಿದ್ದರು. ಕೊನೆಗೆ, "ಒಂದೊಂದು ಚಮಚಾನೂ ನನ್ನ ಕಣ್ಣೆದುರಿಗೇ ಕೊಡಬೇಕು. ದದ್ದು ಒಳಕ್ಕೆ ಹೋದ ಗಳಿಗೆಗೆ ನಿಲ್ಲಿಸಬೇಕು," ಎಂದು ಮೊಮ್ಮಗಳ ತಲೆಯ ಬಳಿ ಕೂತರು.

ಮೊದಲ ಚಮಚಕ್ಕೇ ಅಂಜುರತ್ ಚೀರಿದಳು. ದಡಾರದಲ್ಲಿ ಬಾಯಿಯೆಲ್ಲ ಹುಣ್ಣಾಗಿರುತ್ತದೆ; ಅಕ್ರೋಟಿನ ತರಿ ಅದಕ್ಕೆ ತಾಗಿತ್ತು. ಮೊಮೊ ಹುಬ್ಬು ಏರಿಸಿದರು. ಸನವ್ಬರ್ ಖೋಲಾ ಬಟ್ಟಲು ಹಿಂದಕ್ಕೆ ಒಯ್ದಳು. ಅಕ್ರೋಟನ್ನು ನೀರು ಬಿಟ್ಟು ಮತ್ತೆ ಕುಟ್ಟಿ ತೆಳುಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದಳು. ಕುಂಬಳವನ್ನು ಜರಡಿಯ ಮೇಲೆ ಉಜ್ಜಿದಳು. ನೆನೆದ ಜರ್ದಾಲುವನ್ನು ಕಿವುಚಿ ಸೋಸಿದಳು. ಎಲ್ಲ ಸೇರಿಸಿ ಉಗುರುಬೆಚ್ಚಗೆ ಮಾಡಿ ತಂದಳು.

ಹುಡುಗಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಖೋಲಾ, ಇದು ಬೆಕ್ಕಿನ ವಾಂತಿ ಥರ ಇದೆ."

"ನಮ್ಮ ಬೆಕ್ಕಿಗೆ ಇಷ್ಟು ಚೆನ್ನಾಗಿ ವಾಂತಿ ಮಾಡೋಕೆ ಎಲ್ಲಿ ಬರುತ್ತೆ? ಕುಡಿ."

ಹೀಗೆ ಗಂಟೆಗೊಮ್ಮೆ ನಾಲ್ಕೈದು ಚಮಚ. ಎರಡು ದಿನ ನಡೆಯಿತು. ದದ್ದು ಮುಖದಿಂದ ಎದೆಗೆ, ಎದೆಯಿಂದ ಕಾಲಿಗೆ ಇಳಿದು ಮೈಯೆಲ್ಲ ಕೆಂಪಾಯಿತು. ಮೊಮೊ ಬಟ್ಟಲು ತಡೆಯಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅಂಜುರತ್‌ಳ ಮುಖದ ಕೆಂಪು ಮಾಸಿತ್ತು. ಜ್ವರ ಇಳಿಯುವ ಬದಲು ಏರಿತ್ತು. ಉಸಿರಾಡುವಾಗ ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದವು. ಗಂಟಲಿನಲ್ಲಿ ಗೊರಗೊರ ಸದ್ದು.

"ಹೋಯ್ತು! ಒಳಕ್ಕೆ ಹೋಯ್ತು!" ಎಂದು ಮೊಮೊ ಕಿರುಚಿಕೊಂಡರು. ಖೋಲಾಳ ಕೈಯಲ್ಲಿದ್ದ ಬಟ್ಟಲಿಗೆ ಅವರು ಹೊಡೆದ ಹೊಡೆತಕ್ಕೆ ಅದು ಹಾರಿ ಗೋಡೆಗೆ ಬಡಿಯಿತು. ಹಳದಿ ಗಂಜಿ ಕೌದಿಯ ಮೇಲೆಲ್ಲ ಹರಡಿತು.

ನಿಮಿಷಗಳಲ್ಲಿ ಅಂಗಳದ ತುಂಬ ಹೆಂಗಸರು ಸೇರಿದರು. "ತಂಪು ಕೊಟ್ಟು ಕೊಂದಳು," ಎಂದು ಒಬ್ಬಳು ಜೋರಾಗಿಯೇ ಅಂದಳು. ಮಗು ಇನ್ನೂ ಉಸಿರಾಡುತ್ತಿತ್ತು.

ಸನವ್ಬರ್ ಖೋಲಾ ನನ್ನ ಕಡೆ ತಿರುಗಿದಳು. "ಮುಅಲ್ಲಿಂ, ದಾಕ್ಟ್ರು ಎಲ್ಲಿದ್ರೂ ಕರ್ಕೊಂಡು ಬನ್ನಿ. ಕುಂಬಳಕಾಯಿಯಿಂದ ಆಗೋ ಕೆಲಸ ಅಲ್ಲ ಇದು."

ಐನಿದ್ದೀನ್ ನದಿಯ ಕೆಳಗಿನ ಎರಡನೆಯ ಹಳ್ಳಿಯಲ್ಲಿದ್ದ. ನಲವತ್ತೊಂಬತ್ತು ವರ್ಷದ, ತಂಪು ಮೈಯ ವ್ಯಾಕರಣದ ಮೇಷ್ಟ್ರು ಅಂದು ಹೇಗೆ ಓಡಿದನೋ ನನಗೇ ತಿಳಿಯದು. ಅವನನ್ನು ಕರೆದುಕೊಂಡು ಮರಳುವಾಗ ಮಧ್ಯಾಹ್ನ ಕಳೆದಿತ್ತು. ಅಷ್ಟು ಹೊತ್ತು ಒಳಗೆ ಏನಾಯಿತೆಂದು ನೆಮತ್ ಅಕಾ ಆಮೇಲೆ ಹೇಳಿದರು. ಖೋಲಾ ಕೌದಿ ಒರೆಸಿದಳಂತೆ. ಮತ್ತೊಂದು ಬಟ್ಟಲು ಮಾಡಿ ತಂದು ಮೊಮೊರ ಕೈಗೆ ಎಟುಕದ ಕಡೆ ಇಟ್ಟು ಕೂತಳಂತೆ. ಅದು ಆರಿದಾಗಲೆಲ್ಲ ಒಯ್ದು ಬೆಚ್ಚಗೆ ಮಾಡಿ ತರುತ್ತಿದ್ದಳಂತೆ.

ಐನಿದ್ದೀನ್ ಮಗುವಿನ ಬೆನ್ನಿಗೆ ಕೊಳವೆ ಇಟ್ಟು ಕೇಳಿದ. "ಎದೆಗೆ ಇಳಿದಿದೆ. ನ್ಯುಮೋನಿಯಾ," ಎಂದ.

"ನಾನು ಹೇಳಲಿಲ್ವಾ?" ಎಂದರು ಮೊಮೊ.

"ದಡಾರದಲ್ಲಿ ಇದು ಆಗೋದುಂಟು ಮೊಮೊ. ಏನು ತಿಂದ್ರೂ ಆಗಬಹುದು, ಏನೂ ತಿನ್ನದಿದ್ರೆ ಇನ್ನೂ ಬೇಗ ಆಗುತ್ತೆ." ಅವನು ಪೆನಿಸಿಲಿನ್ ಸೀಸೆ ಒಡೆದು ಸೂಜಿಗೆ ಎಳೆದುಕೊಂಡ. "ಎದೆಗೆ ಈ ಸೂಜಿ. ಮೈಗೆ ಆ ಬಟ್ಟಲು. ಎರಡೂ ಬೇಕು."

"ದದ್ದು ಮಾಸಿದೆ, ನೋಡು! ನಾಲ್ಕೇ ದಿನಕ್ಕೆ!"

"ನಾಲ್ಕನೇ ದಿನಕ್ಕೇ ಮಾಸೋದು. ಬಂದ ದಾರೀಲೇ ಹೋಗುತ್ತೆ, ಮುಖದಿಂದ ಶುರು. ನನ್ನ ಮಾತು ಬೇಡ. ಇಲ್ಲಿ ಹನ್ನೊಂದು ಮಕ್ಕಳಿವೆ. ನೀವೇ ನೋಡಿ."

ಮೊಮೊ ಶರೋಫತ್ ಕೋಲನ್ನು ಅಲ್ಲೇ ಬಿಟ್ಟು ಮಂಡಿಯ ಮೇಲೆ ತೆವಳಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋದರು. ಒಂದೊಂದು ಮಗುವಿನ ಅಂಗಿ ಎತ್ತಿ ನೋಡಿದರು. ಕೊನೆಯಲ್ಲಿ ಮಲಗಿದವರಿಗೆ ಮುಖ ತಿಳಿಯಾಗಿತ್ತು, ಕಾಲು ಇನ್ನೂ ಕೆಂಪಗಿತ್ತು. ಅವರಿಗಿಂತ ಮೊದಲು ಮಲಗಿದವರ ಮೈಯೂ ತಿಳಿಯಾಗಿ ಹೊಟ್ಟು ಉದುರುತ್ತಿತ್ತು. ಒಬ್ಬ ಹುಡುಗಿಗೆ ಕಚಗುಳಿಯಾಗಿ ನಕ್ಕಳು. ಅಂಗಳದ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮುದುಕಿ ಪ್ರತಿ ಮಗುವಿನ ಬಾಯಿಯ ಹತ್ತಿರ ಮೂಗು ತಂದು ಮೂಸಿದರು. ಎಲ್ಲ ಬಾಯಿಗಳಿಂದಲೂ ಕುಂಬಳಕಾಯಿಯ ವಾಸನೆ ಬಂದಿರಬೇಕು.

ತಿರುಗಿ ಬಂದು ಮೊಮ್ಮಗಳ ತಲೆಯ ಬಳಿ ಕೂತರು. ಸ್ವಲ್ಪ ಆ ಕಡೆ ಸರಿದರು. ಆ ಜಾಗದಲ್ಲಿ ಸನವ್ಬರ್ ಖೋಲಾ ಬಟ್ಟಲು ಹಿಡಿದು ಕೂತಳು.

ಮೂರು ದಿನ ಸೂಜಿ ನಡೆಯಿತು. ಮೂರು ದಿನವೂ ಆ ಮಗುವಿನ ಉಸಿರನ್ನು ನಾವೆಲ್ಲ ಎಣಿಸಿದೆವು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಆದರೆ ಸನವ್ಬರ್ ಖೋಲಾಳ ಎದೆಯ ಭಾರ ಇಳಿಯಲಿಲ್ಲ. ಪ್ರತಿ ಸಂಜೆ, ಕಿಟಕಿಯಲ್ಲಿ ಇನ್ನೂ ಮಂಕು ಬೆಳಕಿರುವಾಗ, ಆಕೆ ಬಾಗಿಲಲ್ಲಿ ನಿಂತು, "ಅಂಜುರತ್, ನನ್ನ ಕೈಯಲ್ಲಿ ಏನಿದೆ?" ಎಂದು ಕೇಳುತ್ತಿದ್ದಳು.

ಮೊದಲ ಸಂಜೆ ಆಕೆಯ ಕೈಯಲ್ಲಿ ದೊಡ್ಡ ಸೌಟು ಇತ್ತು. "ಏನೂ ಇಲ್ಲ," ಎಂದಳು ಹುಡುಗಿ.

ಎರಡನೆಯ ಸಂಜೆಯೂ, "ಏನೂ ಇಲ್ಲ."

ಮೊಮೊರಿಗೆ ಇದೊಂದು ಆಟದಂತೆ ಕಂಡಿರಬೇಕು. ನನಗೆ ಗೊತ್ತಿತ್ತು. ಐನಿದ್ದೀನನಿಗೂ ಗೊತ್ತಿತ್ತು. ಅವನು ಬೆಳಗ್ಗೆ ಟಾರ್ಚು ಹಾಕಿ ನೋಡಿ, "ಮಚ್ಚೆ ಬಂದಿಲ್ಲ. ಆದ್ರೆ ಒಣಗಿದೆ. ನಿಲ್ಲಿಸಬೇಡಿ," ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದ. ಐದನೆಯ ಸಂಜೆ ಹುಡುಗಿ, "ಉದ್ದಕ್ಕೆ ಕಪ್ಪಗೆ ಏನೋ," ಎಂದಳು. ಏಳನೆಯ ಸಂಜೆಯೂ ಅದೇ ಉತ್ತರ. ಅದಕ್ಕಿಂತ ಮುಂದೆ ಹೋಗಲಿಲ್ಲ. ಖೋಲಾ ಬಡಿಸುವಾಗ ಮಾತಾಡುವುದನ್ನೇ ಬಿಟ್ಟಳು. ಗಟ್ಟಿಯಾಗಿದ್ದ ಮಕ್ಕಳು ತಟ್ಟೆಯಲ್ಲಿ ಉಳಿಸಿದರೂ ಬೈಯುತ್ತಿರಲಿಲ್ಲ.

ಒಂಬತ್ತನೆಯ ಸಂಜೆ ಮೊಮೊ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ತಲೆವಸ್ತ್ರ ಬಿಚ್ಚಿ ಕಟ್ಟಿಕೊಂಡು ಒಳಗೆ ಬಂದರು. ದೀಪ ಹಚ್ಚಿರಲಿಲ್ಲ. ಖೋಲಾ ಮೂಲೆಯಲ್ಲಿ ರುಹಫ್ಜೋಳಿಗೆ ಉಣಿಸುತ್ತಿದ್ದಳು.

"ಮೊಮೊ, ತಲೆವಸ್ತ್ರ ಉಲ್ಟಾ ಕಟ್ಟಿದ್ದೀರಿ," ಎಂದಳು ಅಂಜುರತ್.

ಖೋಲಾಳ ಕೈಯ ಚಮಚ ಗಾಳಿಯಲ್ಲೇ ನಿಂತಿತು. ಮೊಮೊ ಆಕೆಯ ಮುಖ ನೋಡಿದರು, ನನ್ನ ಮುಖ ನೋಡಿದರು. ಇಷ್ಟು ದಿನದ ಆಟ ಏನೆಂದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಾಗಿಲಿನವರೆಗೆ ಹೋಗಿ, "ಈಗ?" ಎಂದರು.

"ಈಗಲೂ ಉಲ್ಟಾನೇ. ಗಂಟಿನ ಹತ್ರ ಹೊಲಿಗೆ ಕಾಣ್ತಿದೆ."

ಮುದುಕಿ ಬಾಗಿಲ ಚೌಕಟ್ಟು ಹಿಡಿದು ಕುಸಿದು ಕೂತರು. ಸಂತೋಷವೆಂದು ನಾನು ತಿಳಿದೆ. ಅಲ್ಲ.

"ಸನವ್ಬರ್," ಎಂದರು. "ಮೇಲಿನ ಹಳ್ಳೀಲಿ ನಾಲ್ಕು ಮಕ್ಕಳು ಮಲಗಿದ್ವು, ನಾನು ಹೊರಡೋವಾಗ. ಚಹಾ ರೊಟ್ಟಿ ಬಿಟ್ಟು ಏನೂ ಕೊಡಬೇಡಿ ಅಂತ ಹೇಳಿ ಬಂದಿದ್ದೀನಿ."

ಎಷ್ಟು ದಿನವಾಯಿತೆಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆವು.

ಬೆಳಕು ಹರಿಯುವ ಮೊದಲೇ ಇಬ್ಬರೂ ಹೊರಟರು. ಕತ್ತೆಯ ಒಂದು ಮಗ್ಗುಲಿಗೆ ಕುಂಬಳಕಾಯಿ, ಇನ್ನೊಂದಕ್ಕೆ ಅಕ್ರೋಟು, ಜರ್ದಾಲು. ಅಂಜುರತ್‌ಳನ್ನು ನನ್ನ ಹೆಂಡತಿಯ ಕೈಗೆ ಒಪ್ಪಿಸಿದ್ದರು. ಊರ ಗೋಡೆಯವರೆಗೆ ನಾನೂ ಹೋದೆ.

"ಅಲ್ಲಿ ನನ್ನ ಮಾತು ಯಾರೂ ಕೇಳಲ್ಲ ಮೊಮೊ. ನೀವೇ ಹೇಳಬೇಕು," ಎನ್ನುತ್ತಿದ್ದಳು ಖೋಲಾ.

"ಏನಂತ ಹೇಳ್ಲಿ?"

"ದಾಕ್ಟ್ರು ನಂಗೆ ಹೇಳಿದ್ದನ್ನೇ ಹೇಳಿ. ಇದರಿಂದ ದಡಾರ ಹೋಗಲ್ಲ ಅನ್ನಿ, ಅದನ್ನೇ ಮೊದಲು ಹೇಳಿ. ಇಲ್ಲಾಂದ್ರೆ ಉಸಿರು ಗೊರಗೊರ ಅಂತಿದ್ರೂ ಕುಂಬಳಕಾಯಿ ನಂಬ್ಕೊಂಡು ಕೂತಿರ್ತಾರೆ. ಉಸಿರು ಕೆಟ್ರೆ ಹೊತ್ಕೊಂಡು ಕೆಳಗೆ ಬರ್ಲಿ ಅನ್ನಿ."

ಆರು ದಿನ ಆಕೆ ಅಲ್ಲಿದ್ದಳು. ನಾಲ್ಕರಲ್ಲಿ ಮೂರು ಮಕ್ಕಳು ಉಳಿದವು, ಕಣ್ಣಿನ ಸಮೇತ. ನಾಲ್ಕನೆಯದು, ಎರಡು ವರ್ಷದ ಮಗು, ಇವರು ಹೋಗುವ ಹಿಂದಿನ ದಿನವೇ ತೀರಿಕೊಂಡಿತ್ತು. ರುಹಫ್ಜೋಳಿಗೆ ಸಂಜೆಯ ನೋಟ ಮರಳಿತು. ಎಡಗಣ್ಣಿನ ಮಚ್ಚೆ ಮಾತ್ರ ಹೋಗಲಿಲ್ಲ. ಏಪ್ರಿಲಿನಲ್ಲಿ ಹೆಲಿಕಾಪ್ಟರ್ ಕೊನೆಗೂ ಲಸಿಕೆ ತಂದಾಗ, ಅಳುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತೋಳು ಹಿಡಿದು ಸೂಜಿಯ ಮುಂದೆ ನಿಲ್ಲಿಸಿದವಳು ಸನವ್ಬರ್ ಖೋಲಾ. ಅಂದು ಆಕೆ ಯಾರ ಮೈ ಉಷ್ಣ, ಯಾರ ಮೈ ತಂಪು ಎಂದು ಕೇಳಲಿಲ್ಲ.

ಮೇಲಿನ ಹಳ್ಳಿಯಲ್ಲಿ ಏನಾಯಿತೆಂದು ನಾನು ಎಷ್ಟೋ ಸಲ ಕೇಳಿದ್ದೆ. ಆಕೆ ಹೇಳಿದ್ದು ಒಂದೇ ಒಂದು ಸಂಗತಿ. ಹಳ್ಳಿ ಮುಟ್ಟಿದ ಕೂಡಲೇ ಮೊಮೊ ಶರೋಫತ್ ಮಗು ಸತ್ತ ಮನೆಗೆ ಹೋದರಂತೆ. ದುಃಖಕ್ಕೆ ಸೇರಿದ್ದ ಹೆಂಗಸರೆಲ್ಲ ಎದ್ದು ಅವರಿಗೆ ಮೇಲಿನ ಜಾಗ ಬಿಟ್ಟರಂತೆ. ಅವರು ಕೂರಲಿಲ್ಲ. ಆ ತಾಯಿಯ ಎದುರಿಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಏನೂ ಕೊಡಬೇಡ ಅಂತ ನಿಂಗೆ ಹೇಳಿದೋಳು ನಾನು," ಎಂದರಂತೆ. ಆಮೇಲೆ ಪಕ್ಕದ ಮನೆಗೆ ಹೋಗಿ, ಕಲ್ಲು ಕೇಳಿ ಇಸಿದುಕೊಂಡು, ತಾವೇ ಅಕ್ರೋಟು ಕುಟ್ಟಲು ಕೂತರಂತೆ.